ಕವರ್ ಮೇಲಿನ ಗವಿಸಿದ್ದ

ಕೆಲಸ ಮುಗಿಸಿ ಸುಸ್ತಾಗಿ ಕೂತಿದ್ದೀರಾ? ನಾನೂ ಅಷ್ಟೇ... ಎರಡು ನಿಮಿಷ ಇದನ್ನು ಓದಿ, ಆಮೇಲೆ ಫೋನ್ ಕೆಳಗಿಡಿ.

ಕೊಪ್ಪಳದ ಕಡೆ ಓಣಿಗೊಬ್ಬ ಗವಿಸಿದ್ದ ಸಿಗುತ್ತಾನೆ. ಅಲ್ಲಿನ ಗವಿಮಠದ ಅಜ್ಜನ ಹೆಸರದು, ಮನೆಯಲ್ಲಿ ಒಬ್ಬನಿಗಾದರೂ ಇಟ್ಟೇ ಇಡುತ್ತಾರೆ.

ಹಾಗೆ ಒಂದೇ ಹೆಸರಿನ ಇಬ್ಬರು ಕಾಲೇಜಿನಲ್ಲಿ ಗೆಳೆಯರಾದರು. ಉದ್ದ ಗವಿಸಿದ್ದ ಗಿಟಾರ್ ಹಿಡಿದು ಹಾಡುತ್ತಿದ್ದ, ಗಿಡ್ಡ ಗವಿಸಿದ್ದ ಡ್ರಮ್ಸ್ ಬಾರಿಸುತ್ತಿದ್ದ. ಇಬ್ಬರೂ ಸೇರಿ ‘ಸಂಜೆ ಬಸ್ಸು’ ಅಂತ ಒಂದು ಇಂಡಿ ಪಾಪ್ ಬ್ಯಾಂಡ್ ಕಟ್ಟಿದರು.

ಎಂಟು ವರ್ಷ... ಕಾಲೇಜ್ ಡೇ, ಹೋಟೆಲ್ ಓಪನಿಂಗು, ಯಾರದೋ ಬರ್ತ್‌ಡೇ. ಹಾಡು ಅರ್ಧ ಆಗುವಷ್ಟರಲ್ಲಿ ಜನ ಊಟಕ್ಕೆ ಏಳುತ್ತಿದ್ದರು.

ಕೊನೆಗೂ ಮೊದಲ ಆಲ್ಬಂನ ಏಳು ಹಾಡು ರೆಕಾರ್ಡ್ ಆದವು. ಅದೇ ತಿಂಗಳು ಗಿಡ್ಡನ ಅಪ್ಪನಿಗೆ ಲಕ್ವ ಹೊಡೆಯಿತು. ಮನೆಯ ಹಿಟ್ಟಿನ ಗಿರಣಿ ನಡೆಸಲು ಬೇರೆ ಯಾರೂ ಇರಲಿಲ್ಲ. ಅವನು ಬ್ಯಾಂಡ್ ಬಿಟ್ಟ.

ಉದ್ದನಿಗೆ ಸಿಟ್ಟು ನೆತ್ತಿಗೇರಿತು.

"ಆಲ್ಬಂ ಬರೂ ಹೊತ್ತಿಗೆ ಕೈ ಕೊಟ್ಟಿ. ಕವರ್ ಮ್ಯಾಲ ನಿನ್ನ ಹೆಸರು ಹಾಕಂಗಿಲ್ಲ" ಅಂದ.

ಗಿಡ್ಡ ಜಗಳಕ್ಕೆ ಬರಲಿಲ್ಲ. ಅವನಿಗೂ ಸಾಕಾಗಿಹೋಗಿತ್ತು.

ಆಲ್ಬಂ ಆನ್‌ಲೈನ್‌ನಲ್ಲಿ ಬಂತು. ಕವರ್ ಮೇಲೆ ಬಸ್ಸಿನ ಚಿತ್ರ, ಕೆಳಗೆ ಒಂದೇ ಹೆಸರು... ಗವಿಸಿದ್ದ. ಅಡ್ಡಹೆಸರಿಲ್ಲ, ಇನಿಷಿಯಲ್ ಇಲ್ಲ.

ಎರಡು ವಾರವಾದರೂ ಕೇಳಿದವರು ನೂರು ಜನ ದಾಟಲಿಲ್ಲ. ಗಿಟಾರ್ ಮಾರಿಬಿಡೋಣ ಅಂತ ಉದ್ದ ಯೋಚಿಸುತ್ತಿದ್ದಾಗ ಗಿಡ್ಡನ ಅವ್ವನ ಫೋನು ಬಂತು.

"ಗಿರಣಿ ಕಡೆ ಒಮ್ಮಿ ಬಂದು ಹೋಗಪಾ."

ಬೈಸಿಕೊಳ್ಳಲು ತಯಾರಾಗಿಯೇ ಹೋದ. ಮಗನನ್ನು ಹಾಳು ಮಾಡಿದವನು ಅಂತ ಎಂಟು ವರ್ಷ ಆಕೆ ಬೈದದ್ದು ಅವನನ್ನೇ.

ಆಕೆ ಸೆರಗಿನಿಂದ ಸ್ಟೂಲಿನ ಹಿಟ್ಟು ಒರೆಸಿ ಕೂರಿಸಿದಳು. ಫೋನಿನಲ್ಲಿ ಆ ಕವರ್ ತೋರಿಸಿದಳು.

"ನಂಗ ಓದಾಕ ಬರೂದು ನನ್ನ ಮಗನ ಹೆಸರೊಂದ. ಅವನ ಸಾಲಿ ಪಾಟಿ ನೋಡಿ ಕಲ್ತಿದ್ದೆ... ಇಬ್ಬರದೂ ಒಂದ ಹೆಸರು, ಎರಡೆರಡು ಸಲ ಯಾಕ ಅಂತ ಒಂದ ಬರಿಸೀಯಲ್ಲೋ ಯಪ್ಪಾ. ನಡುವ ಬಿಟ್ಟು ಬಂದಾಂವನ್ನ ನೀ ಬಿಡಲಿಲ್ಲ. ನಿನಗ ಎಷ್ಟ ಬೈದೆ ನಾನು..."

ಆಕೆಯ ಕಣ್ಣು ತುಂಬಿದವು. ಉದ್ದ ಸ್ಟೂಲಿನಿಂದ ಎದ್ದ.

ಗಿಡ್ಡ ಅವನನ್ನು ಬಾಗಿಲವರೆಗೆ ಕಳಿಸಲು ಬಂದ. ಮೈಯೆಲ್ಲ ಜೋಳದ ಹಿಟ್ಟು.

"ಅದು ನಿಂದೊಬ್ಬಂದ ಹೆಸರು ಅಂತ ನಂಗ ಗೊತ್ತೈತಿ" ಅಂದ ಮೆಲ್ಲಗೆ. "ಅವ್ವಗ ಹೇಳಬ್ಯಾಡಲೇ. ಬಂದ ಗಿರಾಕಿಗೆಲ್ಲಾ ತೋರಸ್ತಾಳ."

ಉದ್ದ ರಸ್ತೆಯಲ್ಲೇ ನಿಂತು ಅತ್ತುಬಿಟ್ಟ. ಏಳು ಹಾಡಿನಲ್ಲೂ ಡ್ರಮ್ಸ್ ಬಾರಿಸಿದವನು ಗಿಡ್ಡನೇ ಅಲ್ಲವೇ... ಅಲ್ಲಿಂದಲೇ ಕವರ್ ಮಾಡಿದ ಡಿಸೈನರ್‌ಗೆ ಫೋನ್ ಮಾಡಿದ.

"ಹೆಸರು ಎರಡು ಸಲ ಹಾಕ್ರಿ."

"ಸರ್, ಮಿಸ್ಟೇಕ್ ಆಗೈತಿ ಅಂತ ಜನ ನಗ್ತಾರ್ರೀ."

"ಮಿಸ್ಟೇಕ್ ಆಗಿತ್ರೀ. ಈಗ ಸರಿ ಮಾಡಾಕತ್ತೀನಿ."

ಆಲ್ಬಂ ಹಿಟ್ ಆಗಲಿಲ್ಲ. ಗಿಡ್ಡ ಈಗಲೂ ಗಿರಣಿಯಲ್ಲೇ ಇದ್ದಾನೆ. ಹೊಸ ಕವರ್ ನೋಡಿದ ಅವ್ವ ಕೇಳಿದಳಂತೆ...

"ಇದರಾಗ ನಿಂದು ಯಾವುದೋ?"

"ಯಾವುದರೆ ಇರಲಿ ಬಿಡವ್ವಾ" ಅಂದನಂತೆ ಮಗ.

*ಅರ್ಧ ದಾರಿಯಲ್ಲಿ ದಣಿದು ನಿಂತವನೂ ಆ ಅರ್ಧ ದಾರಿಯನ್ನು ನಮ್ಮ ಜೊತೆಗೇ ನಡೆದಿರುತ್ತಾನೆ.*

ನಿಮ್ಮ ಗೆಲುವಿನ ಕವರ್ ಮೇಲೆ ನೀವು ಯಾರ ಹೆಸರು ಬಿಟ್ಟಿದ್ದೀರಿ?