ಅಳಿಯನಿಗೆ ಕೊಟ್ಟ ಚಹಾ

ಶುಂಠಿ ಚಹಾ ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಮಾವನ ಒಡೆದ ತುಟಿಯೇ ಕಣ್ಣಮುಂದೆ ನಿಲ್ಲುತ್ತದೆ.

ವಾಡಿಯ ನಮ್ಮ ಮನೆಯಲ್ಲಿ ಅಂದು ಕ್ರಿಸ್‌ಮಸ್ ಮಧ್ಯಾಹ್ನ. ಅಪ್ಪನ ತಂಗಿ, ನಮ್ಮ ಅತ್ತೆ, ತಾನೇ ಮೆಚ್ಚಿ ಮದುವೆಯಾದ ಗಂಡನನ್ನು ಮೊದಲ ಸಲ ಕರೆತಂದಿದ್ದಳು. ಮಾವ ಸೇಡಂ ಕಡೆಯವರೇ, ಆದರೆ ಹೈದರಾಬಾದಿನಲ್ಲಿ ಮಾರ್ಮನ್ ಎಂಬ ಬೇರೆ ಕ್ರೈಸ್ತ ಪಂಗಡದ ಸಭೆ ಸೇರಿದ್ದರು. ಮುತ್ಯಾ, ಅಂದರೆ ಅಪ್ಪನ ಅಪ್ಪ, ತಾನೇ ಹಿತ್ತಾಳೆ ಲೋಟದಲ್ಲಿ ಚಹಾ ತಂದುಕೊಟ್ಟ. ನಮ್ಮ ಕಡೆ ಹೊಸ ಅಳಿಯ ಚಹಾ ಬೇಡವೆಂದರೆ ಮನೆಯನ್ನೇ ಬೇಡವೆಂದ ಹಾಗೆ.

"ನಮ್ಮ ಸಭೆದಾಗ ಚಹಾ ಕುಡಿಯಂಗಿಲ್ರಿ," ಎಂದರು ಮಾವ, ಮೆಲ್ಲಗೆ.

"ಚಹಾ ಬ್ಯಾಡ ಅಂತ ಯಾವ ಬೈಬಲ್‌ನಾಗದ? ಕೊರಳಾಗ ಶಿಲುಬಿನೂ ಇಲ್ಲ. ನೀ ಎಂಥ ಕ್ರಿಶ್ಚನ್?" ಎಂದ ಮುತ್ಯಾ.

"ನಾವೂ ಯೇಸುನ್ನೇ ನಂಬ್ತೀವ್ರಿ. ಇವತ್ತ ನಮಗೂ ಹಬ್ಬನೇ."

ಮುತ್ಯಾ ಬೀಸಿದ ಲೋಟ ಮಾವನ ಬಾಯಿಗೆ ಬಡಿಯಿತು. ಸುಡುವ ಚಹಾ ಎದೆಯ ಮೇಲೆ ಇಳಿಯಿತು. ಅಪ್ಪ ಕಾಲರ್ ಹಿಡಿದು ಅವರ ತಲೆಯನ್ನು ಗೋಡೆಗೆ ಎರಡು ಸಲ ಚಚ್ಚಿದ. ಬಿಡಿಸಲು ಬಂದ ಅತ್ತೆಯ ಕೆನ್ನೆಗೂ ಬಿತ್ತು. ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಚಹಾ, ರಕ್ತ ಎರಡೂ ಕೂಡಿ ಹರಿದು ನನ್ನ ಹೊಸ ಫ್ರಾಕಿನ ಅಂಚು ತೊಯ್ದಿತು.

"ಅನ್ನ ಆರಲಿಕತ್ತದ," ಎನ್ನುತ್ತ ಅಜ್ಜಿ ಒಳಗಿನಿಂದ ಬಂದಳು. ಪ್ರಾರ್ಥನೆಯಿಲ್ಲದೆ ನಮ್ಮಲ್ಲಿ ಯಾರೂ ತುತ್ತು ಎತ್ತುತ್ತಿರಲಿಲ್ಲ. ಆಕೆಯೇ ಊಟದ ಪ್ರಾರ್ಥನೆ ಹೇಳಿದಳು. ಮುಗಿದಾಗ ಎಲ್ಲರೂ ಕೂಡಿ ಹೇಳಬೇಕಾದ ಕೊನೆಯ ಮಾತಿಗೆ ಮುತ್ಯಾ ಬಾಯಿ ತೆರೆಯಲಿಲ್ಲ. ಅಪ್ಪನೂ ತೆರೆಯಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಮಾವ ಬಾಯಲ್ಲಿದ್ದ ರಕ್ತ ನುಂಗಿಕೊಂಡು, "ಆಮೆನ್" ಅಂದರು.