ಅಯ್ಯೋ ಪೆದ್ದಣ್ಣ

ಕಮಾಂಡಿನ ಒಂದಕ್ಷರ ತಪ್ಪಿತು. ಲ್ಯಾಪ್‌ಟಾಪಿನಲ್ಲಿ ಮುಂದಿನ ಸಾಲು "ಅಯ್ಯೋ ಪೆದ್ದಣ್ಣ!" ಎಂದೇ ಶುರುವಾಯಿತು. ಸುಶ್ರುತನ ಬೆರಳು ಕೀ ಮೇಲೇ ನಿಂತುಬಿಟ್ಟಿತು.

ಕಮಾಂಡ್ ಸರಿಯಿದ್ದರೆ ಮುಂದಿನ ಸಾಲಿನ ಮೊದಲ ಗುರುತು ಹಸಿರು, ತಪ್ಪಿದರೆ ಕೆಂಪು. ಆಫೀಸಲ್ಲಿ ಎಲ್ಲರ ಲ್ಯಾಪ್‌ಟಾಪಲ್ಲೂ ಹಾಗೇ. ಸುಶ್ರುತನ ಕಣ್ಣಿಗೆ ಮಾತ್ರ ಎರಡೂ ಒಂದೇ. ಅದಕ್ಕೇ ತಂಗಿ ಸುರಭಿ, "ನಿಂಗೆ ಬಣ್ಣ ಸಾಲಲ್ಲ ಕಣೋ, ಬೈಗುಳಾನೇ ಬೇಕು" ಅಂತ ತಪ್ಪಾದಾಗಲೆಲ್ಲ ಈ ಮಾತು ಬರುವ ಹಾಗೆ ಮಾಡಿಕೊಟ್ಟಿದ್ದಳು. ನಿನ್ನೆ ಜಯನಗರದ ಮಠದಲ್ಲಿ ಅವಳ ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿದಿತ್ತು.

ಅವನು ಕಮಾಂಡನ್ನು ತಿದ್ದಿ ಒತ್ತಿದ. ಹೊಸ ಸಾಲಿನಲ್ಲಿ ಬೈಗುಳ ಇರಲಿಲ್ಲ. ತಡೆಯಲಾರದೆ, ಬೇಕೆಂದೇ ತಪ್ಪು ಒತ್ತಿದ. ಮತ್ತೆ ಬಂತು.

ಕಾಫಿ ತಂದ ಅಮ್ಮ ಅವನ ಬೆನ್ನ ಹಿಂದೆ ನಿಂತು ಅದನ್ನು ಓದಿದಳು. ಲೋಟ ಕೆಳಗಿಟ್ಟು ಪಕ್ಕದಲ್ಲೇ ಕೂತಳು.

"ಇನ್ನೊಂದ್ಸಲ ತಪ್ಪು ಮಾಡೋ," ಅಂದಳು.