ಕೋಕಿಲಮ್ಮ ಮೆಚ್ಚಿದ ಪರಲೋಕ

ಭಾನುವಾರ ಬೆಳಗ್ಗೆ ಕೋಕಿಲಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಂತೆ ಲಕ್ಷ್ಮೀಪತಿಯವರು ಪೇಪರು ಮಡಚಿಟ್ಟು ಬಾಗಿಲಿಗೆ ಅಡ್ಡ ನಿಂತರು.

“ಮತ್ತೆ ಅಲ್ಲಿಗೇನಾ?”

“ಹೂಂ. ಪಕ್ಕದ ಮನೆ ಫಿಲೋಮಿನಾ ಕಾಯ್ತಾ ಇದಾಳೆ.”

ಅಲ್ಲಿಗೆ ಎಂದರೆ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲಿರುವ ಕ್ರೈಸ್ತರ ಪ್ರಾರ್ಥನಾ ಮಂದಿರಕ್ಕೆ. ಸುಮ್ಮನೆ ಹಾಡು ಕೇಳಲು ಹೋಗುತ್ತಾಳೆ ಎಂದುಕೊಂಡಿದ್ದರು ಲಕ್ಷ್ಮೀಪತಿಯವರು. ಆದರೆ ಅವರ ಧರ್ಮಕ್ಕೇ ಸೇರಿಬಿಡಲೇ ಎಂದು ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಅವಳೇ ಬಾಯಿಬಿಟ್ಟು ಕೇಳಿದ ಮೇಲೆ ಅವರು ಮಜ್ಜಿಗೆ ಅನ್ನ ಬಿಟ್ಟೇ ಎದ್ದಿದ್ದರು.

ಹೆಂಡತಿಯ ಮನಸ್ಸನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಅವರು. ಹೋಟೆಲಿಗೆ ಹೋದರೆ ‘ಅವಳಿಗೆ ಎರಡು ಇಡ್ಲಿ ಸಾಕು’ ಎಂದು ಸಪ್ಲೈಯರ್‌ಗೆ ಹೇಳುವವರು ಅವರು. ನೆಂಟರು ಕೋಕಿಲಮ್ಮನನ್ನು ಹೇಗಿದ್ದೀರಿ ಎಂದು ಕೇಳಿದರೆ ‘ಚೆನ್ನಾಗಿದಾಳೆ’ ಎನ್ನುವವರೂ ಅವರೇ. ಭೀಮನ ಅಮಾವಾಸ್ಯೆಯ ದಿನ ಮಣೆಯ ಮೇಲೆ ಕುಳಿತು ಪಾದ ನೀಡಿ, ಏಳೇಳು ಜನ್ಮಕ್ಕೂ ಇದೇ ಗಂಡ ಸಿಗಲಿ ಎಂದು ಬೇಡಿಕೊಳ್ಳುವುದನ್ನು ಅವಳು ಮರೆತರೆ ನೆನಪಿಸುವವರೂ ಅವರೇ. ಈ ವರ್ಷ ಮಂಡಿ ನೋವು, ಬಗ್ಗಲಾಗುವುದಿಲ್ಲ ಎಂದು ಅವಳು ಪಾದಪೂಜೆ ಮಾಡಿರಲಿಲ್ಲ. ಅವರು ಬೇಸರ ಮಾಡಿಕೊಳ್ಳದೆ ಕೊಟ್ಟಕ್ಕಲ್ ತೈಲ ತಂದುಕೊಟ್ಟಿದ್ದರು.

“ಅವರಲ್ಲಿ ಅಂಥಾದ್ದೇನಿದೆ ಕೋಕಿಲಾ?”

“ಅವರಲ್ಲಿ ಮತ್ತೆ ಮತ್ತೆ ಹುಟ್ಟೋದು ಇಲ್ವಂತೆ ರೀ. ಒಂದೇ ಜನ್ಮ. ಆಮೇಲೆ ಪರಲೋಕ.”

ಪಾಪ, ಮಂಡಿ ನೋವಿನಿಂದ ಅವಳಿಗೆ ಹುಟ್ಟೇ ಬೇಡ ಎನ್ನಿಸಿದೆ. ಹೀಗೆಂದುಕೊಂಡು ಲಕ್ಷ್ಮೀಪತಿಯವರು ಬಾಗಿಲಿನಿಂದ ಸರಿದರು.

“ಸರಿ, ನೀನು ಸೇರೋದಾದ್ರೆ ನಾನೂ ಸೇರ್ತೀನಿ. ಪರಲೋಕಕ್ಕೂ ಒಟ್ಟಿಗೇ ಹೋಗೋಣ. ನಿನ್ನ ಬಿಟ್ಟು ಇರೋನಾ ನಾನು?”

ಕೋಕಿಲಮ್ಮನ ಮುಖ ಸಪ್ಪಗಾಯಿತು. ಮೆಟ್ಟಿದ ಚಪ್ಪಲಿ ಕಳಚಿ ಒಳಗೆ ಹೋದರು. ಮುಂದಿನ ಭಾನುವಾರವೂ ತಲೆನೋವೆಂದು ಫಿಲೋಮಿನಾಳನ್ನು ಒಬ್ಬಳನ್ನೇ ಕಳಿಸಿದರು. ತನ್ನಿಂದಾಗಿ ಗಂಡ ಧರ್ಮ ಬಿಡಬಾರದೆಂದು ಆಸೆಯನ್ನೇ ಅದುಮಿಕೊಂಡಳಲ್ಲ ಎಂದು ಲಕ್ಷ್ಮೀಪತಿಯವರು ಒಳಗೊಳಗೇ ಕರಗಿದರು.

ಆದರೆ ಹಿಂದಿನ ಬೀದಿಯಿಂದ ಹಾಡು ಕೇಳಿಬಂದರೆ ಸಾಕು, ಕೋಕಿಲಮ್ಮ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಅದನ್ನು ನೋಡಿ ಲಕ್ಷ್ಮೀಪತಿಯವರಿಗೆ ನಿಜವಾಗಿಯೂ ಭಯವಾಯಿತು. ಅವಳಿಲ್ಲದ ಒಂದು ಜನ್ಮವನ್ನು ಊಹಿಸಿಕೊಳ್ಳಲೂ ಅವರಿಂದಾಗದು. ಇದಕ್ಕೊಂದು ಗತಿ ಕಾಣಿಸಲೇಬೇಕೆಂದು ಬುಧವಾರ ಸಂಜೆ ಶಾಲು ಹೊದ್ದು ತಾವೇ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿದರು.

ಪಾಸ್ಟರ್ ಮೋಹನ್ ಕುಮಾರ್ ಸಾಧು ಮನುಷ್ಯ. ಕುರ್ಚಿ ಎಳೆದು ಹಾಕಿ, ಫ್ಯಾನ್ ತಿರುಗಿಸಿ ಕೂರಿಸಿದರು.

“ನಿಮ್ಮ ಪರಲೋಕ ಹೇಗಿರುತ್ತೆ, ಸ್ವಲ್ಪ ವಿವರವಾಗಿ ಹೇಳಿ,” ಎಂದರು ಲಕ್ಷ್ಮೀಪತಿಯವರು, ಸೈಟು ನೋಡಲು ಬಂದವರಂತೆ.

“ಹಸಿವು, ಬಾಯಾರಿಕೆ, ಕಣ್ಣೀರು ಯಾವುದೂ ಇರಲ್ಲ ಸಾರ್. ರಾತ್ರಿನೂ ಇರಲ್ಲ.”

“ರಾತ್ರಿ ಇಲ್ಲ ಅಂದ್ರೆ ನಿದ್ದೆ?”

“ದಣಿವೇ ಇರಲ್ವಲ್ಲ.”

“ಹಸಿವಿಲ್ಲದೆ ಊಟ ಹೇಗೆ ರುಚಿಸುತ್ತೆ? ಬೆಳಗ್ಗೆ ಕಾಫಿ?”

“ಗ್ರಂಥದಲ್ಲಿ ಕಾಫಿ ವಿಚಾರ ಬಂದಿಲ್ಲ ಸಾರ್.”

“ಮತ್ತೆ ಏನು ಮಾಡ್ತಾ ಇರ್ತಾರೆ ಎಲ್ಲರೂ?”

“ದೇವರನ್ನ ಸ್ತುತಿಸಿ ಹಾಡ್ತಾ ಇರ್ತಾರೆ.”

“ಎಷ್ಟು ಹೊತ್ತು?”

“ಯಾವಾಗಲೂ.”

ರಾಮನವಮಿಯ ಸಂಗೀತ ಕಚೇರಿಯಲ್ಲಿ ಪಾನಕ ಕುಡಿದ ಕೂಡಲೇ ಎದ್ದು ಬರುವವರು ಲಕ್ಷ್ಮೀಪತಿಯವರು. “ಬೇಜಾರಾಗಲ್ವಾ?” ಎಂದು ಕೇಳಿದರು.

ಪಾಸ್ಟರ್ ಯೋಚಿಸಿದರು. “ನಾನೂ ನೋಡಿ ಬಂದಿಲ್ಲ ಸಾರ್. ಆ ಪ್ರಶ್ನೆ ನನಗೂ ಬರುತ್ತೆ. ಆದ್ರೆ ಇನ್ನೇನೂ ಬೇಡ ಅನ್ನಿಸೋ ಜಾಗ ಅದು ಅಂತ ನಂಬಿದೀನಿ.”

“ಹೋಗ್ಲಿ ಬಿಡಿ. ನಾನು, ನಮ್ಮ ಮನೆಯವಳು ಒಟ್ಟಿಗೇ ಇರಬಹುದು ತಾನೆ?”

ಪಾಸ್ಟರ್ ತಲೆ ತಗ್ಗಿಸಿದರು. “ಅಲ್ಲಿ ಮದುವೆ ಅನ್ನೋದೇ ಇಲ್ಲ ಸಾರ್. ಗಂಡ ಹೆಂಡ್ತಿ ಸಂಬಂಧ ಇಲ್ಲಿಗೇ ಮುಗಿಯುತ್ತೆ. ಎಲ್ಲರೂ ದೇವದೂತರ ಹಾಗೆ.”

“ಇದು ಅವಳಿಗೆ ಗೊತ್ತಾ?”

“ಇಲ್ಲ. ನೊಂದ್ಕೋತಾರೆ ಅಂತ ನಾನೇ ಹೇಳಿರಲಿಲ್ಲ.”

ಇದೇ ಬೇಕಾಗಿತ್ತು ಲಕ್ಷ್ಮೀಪತಿಯವರಿಗೆ. ಸರ್ಕಲ್ಲಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು, ದಾಪುಗಾಲು ಹಾಕುತ್ತ ಮನೆಗೆ ಬಂದರು. ಕೋಕಿಲಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಒಲೆಯ ಮುಂದೆಯೇ ಹೆಂಡತಿಗೆ ಎಲ್ಲವನ್ನೂ ಹೇಳಿದರು.

ಕೋಕಿಲಮ್ಮ ಗ್ಯಾಸ್ ಆರಿಸಿದರು.

“ಪಾಸ್ಟರೇ ಹೇಳಿದ್ರಾ?”

“ಅವರ ಬಾಯಿಂದಲೇ ಕೇಳಿದೀನಿ ಕಣೇ.”

“ಅಲ್ಲಿ ನೀವು ನನಗೆ ಏನೂ ಆಗಲ್ವಾ?”

“ಏನೂ ಆಗಲ್ಲ. ಎದುರಿಗೆ ಬಂದ್ರೂ ಯಾರೋ ಒಬ್ಬ, ಅಷ್ಟೇ.”

“ನಾನು ಎಲ್ಲಿಗೆ ಹೊರಟೆ ಅಂತ ಕೇಳೋಕೂ ಆಗಲ್ವಾ?”

“ನಾನು ಯಾರು ಕೇಳೋಕೆ?”

ಕೋಕಿಲಮ್ಮನ ಕಣ್ಣು ತುಂಬಿ ಬಂತು. ಲಕ್ಷ್ಮೀಪತಿಯವರ ಎದೆಯೂ ತುಂಬಿತು. ಗೆದ್ದೆ ಎನ್ನಿಸಿತು. ಅಳಬೇಡ ಎಂದು ಮಲ್ಲಿಗೆಯ ಪೊಟ್ಟಣವನ್ನು ಹೆಂಡತಿಯ ಕೈಗಿಟ್ಟರು.

“ಅಯ್ಯೋ, ಇದನ್ನ ಮೊದಲೇ ಹೇಳಬಾರದಾ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು ಕೋಕಿಲಮ್ಮ. “ಹಾಗಾದ್ರೆ ನೀವೂ ಬನ್ನಿ ರೀ.”